ಆಲ್ಟ್ರೇಷನ್

ಅಳತೆ ಪುಸ್ತಕದ ಎಡಪುಟದಲ್ಲಿ
ಅಂಚೆ ಕಚೇರಿಯ ಚಂಪಕಾ ಮೇಡಂ ಬ್ಲೌಸು:
ಎದೆ ಮೂವತ್ತೆಂಟು, ತೋಳು ಹತ್ತು, ಬೆನ್ನು ಆಳ ಬೇಡ.
ಬಲಪುಟದಲ್ಲಿ ನನ್ನ ಮನೆ:
ಉದ್ದ ಇಪ್ಪತ್ತೆಂಟು ಅಡಿ, ಅಗಲ ಇಪ್ಪತ್ತು,
ಎರಡಂಕಣ, ನಾಡಹೆಂಚು,
ಮಣ್ಣುಗೋಡೆ ಒಂದೂವರೆ ಮೊಳ ದಪ್ಪ,
ಪಡುವಲ ಮೂಲೆ ಕೊಂಚ ಗೂನು.

ಬಾಣಾವರದ ಹಳೇಬೀದಿಯಲ್ಲಿ ಇದನ್ನು ಕೊಂಡಾಗ
ಎಲ್ಲರೂ ಕೇಳಿದರು: ಕೊಂಡಿದ್ದು ಸೈಟನ್ನೋ ಮನೆಯನ್ನೋ?
ಕೆಡವಿ ಆರ್‌ಸಿಸಿ ಹಾಕಿಸು, ಅಂದರು ಬಟ್ಟೆ ಅಂಗಡಿಯವರು.
ಇಪ್ಪತ್ತೇಳು ವರ್ಷ
ಬಾಡಿಗೆ ಗೋಡೆಗೆ ಮೊಳೆ ಹೊಡೆಯಲೂ ಅಪ್ಪಣೆ ಕೇಳಿದವಳು,
ನನ್ನದೆಂದು ಬಂದ ಮೊದಲ ಗೋಡೆಯನ್ನು
ಕೆಡವಿ ಅನ್ನಲು ನನಗೆ ಬಾಯಿ ಬರಲಿಲ್ಲ.

ಚೀಟಿ ಎತ್ತಿದ್ದು ಒಂದೂವರೆ ಲಕ್ಷ.
ಅಂಚೆಯಲ್ಲಿ ಕೂಡಿಟ್ಟಿದ್ದು ತೊಂಬತ್ತು ಸಾವಿರ.
ಎರಡೆಳೆ ಸರ ಸೊಸೈಟಿಯಲ್ಲಿ ಮಲಗಿಸಿ ಎಂಬತ್ತು.
ಒಟ್ಟು ಮೂರು ಇಪ್ಪತ್ತು.

ಓಬಳಪ್ಪ ಮೇಸ್ತ್ರಿ ಗೋಡೆಗೆ ಗೆಣ್ಣು ಕುಟ್ಟಿ
ಡಾಕ್ಟರಂತೆ ಕಿವಿಯಿಟ್ಟು
ಬೀಡಿಕಟ್ಟಿನ ಕಾಗದದ ಮೇಲೆ ಬರೆದುಕೊಟ್ಟ:
ನಾಲ್ಕು ಅರವತ್ತೈದು.
"ಬರೀ ರಿಪೇರಿಗೆ ಇಷ್ಟೊಂದಾ?" ಅಂದೆ.
"ಸರ್ವಮಂಗಳಕ್ಕ,
ಹೋದ್ವರ್ಷ ನಮ್ಮನೆಯವಳ ಬ್ಲೌಸಿನ ತೋಳು ಬಿಚ್ಚಿ ಹಾಕೋಕೆ
ಎಂಬತ್ತು ರೂಪಾಯಿ ಇಸ್ಕೊಂಡ್ರಿ.
ಏನಂದ್ರಿ ಆವತ್ತು? ಹೊಸದು ಹೊಲಿಯೋದು ಸಲೀಸು,
ಹಳೇದು ಬಿಚ್ಚೋದೇ ಕಷ್ಟ ಅಂತ."
ನನ್ನ ಮಾತೇ ನನಗೆ ಸೂಜಿ.

ಮನೆ ಕಟ್ಟಿ ನೋಡು ಎಂದ ಹಿರಿಯರು
ರಿಪೇರಿ ಮಾಡಿ ನೋಡು ಎನ್ನದೆ ಬಿಟ್ಟರು,
ಕನಿಕರಕ್ಕೋ ಏನೋ.

ರಾತ್ರಿ ಮಿಷನ್ನಿನ ದೀಪದಡಿ ಕೂತೆ.
ಹೊಸ ಹೆಂಚು ಒಂದಕ್ಕೆ ಮೂವತ್ತೆಂಟು,
ಅರಸೀಕೆರೆಯಲ್ಲಿ ಕೆಡವಿದ ಶಾಲೆಯದ್ದು ಹದಿನಾಲ್ಕು.
ಸಾವಿರದಿನ್ನೂರು ಹೆಂಚು, ಉಳಿತಾಯ
ಇಪ್ಪತ್ತೆಂಟು ಸಾವಿರದ ಎಂಟುನೂರು.
ಆದರೂ ಕೊರತೆ ಒಂದು ಲಕ್ಷ ಹದಿನಾರು ಸಾವಿರದ ಇನ್ನೂರು.
ಮೂರು ಸಲ ಕೂಡಿದೆ.
ಮೂರು ಸಲವೂ ಅಷ್ಟೇ, ಹಟಮಾರಿ.

ಆಗಲೇ ಚಿಕ್ಕಮಗಳೂರಿಂದ ಹೋಂಸ್ಟೇಯವನೊಬ್ಬ ಬಂದ.
ಪಡಸಾಲೆಯ ನಾಲ್ಕು ಹೊನ್ನೆಕಂಬ ಸವರಿದ,
ಹೊಸ ಕಟ್ಟಡಕ್ಕೆ ಹಳೇ ಕಳೆ ಬೇಕಂತೆ.
ನಾಲ್ಕಕ್ಕೂ ಸೇರಿ ಒಂದು ಇಪ್ಪತ್ತು, ನಗದು.
ನಾನು ಬಾಯಲ್ಲೇ ಕಳೆದೆ:
ಕೊರತೆ ಮುಚ್ಚಿ ಕೈಗೆ ಮೂರು ಸಾವಿರದ ಎಂಟುನೂರು,
ಗೃಹಪ್ರವೇಶದ ಉಪ್ಪಿಟ್ಟಿಗೆ ಸಾಕು.
ಅಂಗೈ ಬೆವೆತಿತ್ತು.
ಶಾಕಿರಾ ಕಾಜಾ ಹಾಕುತ್ತಾ ತಲೆಯೆತ್ತದೆ ಕೇಳಿದಳು:
"ಗುಂಡಿ ಮಾರಿ ಕಾಜಾ ಹೊಲಿಸ್ತೀಯಾ?"

ಅವನನ್ನು ಕಾಫಿ ಕೊಟ್ಟು ಕಳಿಸಿದೆ.
ಗ್ರಾನೈಟ್ ಕಟ್ಟೆ ಹೊಡೆದುಹಾಕಿದೆ,
ಅಡುಗೆಮನೆ ಟೈಲ್ಸು, ಅಟ್ಟದ ಹೊಸ ಹಲಗೆ, ಮುಂಬಾಗಿಲ ಪಾಲಿಷು.
ಬಚ್ಚಲು ಹೊಡೆದೆ, ಮತ್ತೆ ಬರೆದೆ.
ಮಂಡಿನೋವು ಮುಂದಿನ ವರ್ಷದವರೆಗೆ ತಡೆಯುವುದಿಲ್ಲ.

ಮೊನ್ನೆ ಪಡುವಲ ಗೋಡೆ ಕೆರೆಯುವಾಗ ಮೇಸ್ತ್ರಿ ಕೂಗಿದ.
ಗೂನು ಅಂದುಕೊಂಡಿದ್ದ ಮೂಲೆಯೊಳಗೆ
ಒಂದು ಬಿಟ್ಟು ಒಂದು ಕಲ್ಲು ಗೇಣುದ್ದ ಹೊರಚಾಚಿತ್ತು,
ಮೇಲೆ ಮಣ್ಣು ಮೆತ್ತಿ, ಸುಣ್ಣ ಬಳಿದು.
"ಹಲ್ಲು ಬಿಟ್ಟವ್ರೆ ಕಣಕ್ಕ, ಮೂರನೇ ಅಂಕಣ ಸೇರಿಸೋಕೆ.
ಪಾಪ, ದುಡ್ಡು ಸಾಲ್ದೇನೋ."

ಕೈಯಾಡಿಸಿದೆ. ತಣ್ಣಗಿತ್ತು.
ನಮ್ಮ ಕಸುಬಿನಲ್ಲಿ ಇದಕ್ಕೆ ಒಳಮಡಿಕೆ ಅಂತೇವೆ,
ಮೈ ತುಂಬಿದಾಗ ಬಿಚ್ಚಿಕೊಳ್ಳಲಿ ಅಂತ
ಯಾರಿಗೂ ಕಾಣದ ಹಾಗೆ ಬಿಡುವ ಒಂದಿಂಚು.
ಯಾರ ಬೀಡಿಕಾಗದದ ಮೇಲೆ
ಯಾವ ಕಾಲದಲ್ಲಿ ಹೊಡೆದುಹಾಕಿದ ಸಾಲೋ ಇದು.

"ಒಡೆದು ಸಮ ಮಾಡ್ಲಾ? ಕೂಲಿ ಆರುನೂರು."
ಬೇಡ, ಮತ್ತೆ ಮಣ್ಣು ಮೆತ್ತು, ಅಂದೆ.
ಆ ಆರುನೂರು ಉಳಿತಾಯವೋ ಖರ್ಚೋ ತಿಳಿಯದೆ
ಎರಡು ಕಲಮಿನ ನಡುವೆ ಬರೆದೆ.

ಸಂಜೆ ಚಂಪಕಾ ಮೇಡಂ ಬಂದು
ಬ್ಲೌಸು ಒಳಮೈ ತಿರುವಿ ನೋಡಿ
"ಇಷ್ಟು ಬಟ್ಟೆ ಒಳಗ್ಯಾಕ್ರೀ ದಂಡ?" ಅಂದರು.
ನಾನು ಏನೂ ಹೇಳಲಿಲ್ಲ,
ಬಾಯಲ್ಲಿ ಗುಂಡುಸೂಜಿ ಇತ್ತು.